ಮುಚ್ಚಳ ತೆಗೆಯೋದು ಯಾಕಿಷ್ಟು ಕಷ್ಟ?

ಈ ತಿಂಗಳು ಬಂದ ಪತ್ರಗಳಲ್ಲಿ ಹೆಚ್ಚಿನವು ಅಡುಗೆಮನೆಯಿಂದಲೇ ಬಂದಿವೆ. ನನಗೆ ಖುಷಿ. ಮನೆಬಳಕೆಯ ವಸ್ತುಗಳ ವಿನ್ಯಾಸ ಮಾಡುತ್ತಾ ನನಗೆ 26 ವರ್ಷ ಆಯ್ತು. ಅದರಲ್ಲಿ ನಾನು ಜಾಸ್ತಿ ಕಲಿತದ್ದು ಅಡುಗೆಮನೆಗಳಲ್ಲಿ ಸುಮ್ಮನೆ ಕೂತು ನೋಡಿದಾಗ. ಎಲ್ಲ ಪತ್ರಗಳಿಗೂ ಇಲ್ಲಿ ಜಾಗ ಸಾಲದು. ಆರನ್ನು ಆರಿಸಿಕೊಂಡಿದ್ದೇನೆ.

ನಮ್ಮ ಅಮ್ಮನಿಗೆ 71 ವರ್ಷ. ಬೆರಳಿನ ಗಂಟುಗಳಲ್ಲಿ ಸಂಧಿವಾತ. ಉಪ್ಪಿನಕಾಯಿ ಬಾಟಲಿ ಮುಚ್ಚಳ ತೆಗೆಯೋಕೆ ಆಗಲ್ಲ, ಪೀಲರ್ ಹಿಡಿಯೋಕೆ ಆಗಲ್ಲ. "ನನ್ನ ಕೈ ಹೋಯ್ತು" ಅಂತ ಬೇಜಾರು ಮಾಡ್ಕೋತಾರೆ. ಅವರಂಥವರಿಗೆ ಅಂತಲೇ ಮಾಡಿದ ಸಾಮಾನು ಸಿಗುತ್ತಾ?
– ಓದುಗರು, ದಾವಣಗೆರೆ

ಮೊದಲು ಅಮ್ಮನಿಗೆ ಒಂದು ಮಾತು ಹೇಳಿ. ಅವರ ಕೈ ಹೋಗಿಲ್ಲ. ಆ ಪೀಲರ್ ಮಾಡಿದವರು ಅವರ ಕೈಯನ್ನು ನೋಡಿಲ್ಲ, ಅಷ್ಟೇ.

ಇದನ್ನು ನಾನು ಧಾರವಾಡದ ಒಂದು ಮನೆಯಲ್ಲಿ ಕಲಿತೆ. ಮಸಾಲೆ ಡಬ್ಬಿಗೆ ಮುಚ್ಚಳ ಬೇಕು ಅಂತ ಒಂದು ಕಂಪನಿ ಕೇಳಿತ್ತು. ನಾನು ಅಂಚಿನ ಸುತ್ತ ಸಣ್ಣ ಸಣ್ಣ ಗೀರುಗಳಿರುವ ಮುಚ್ಚಳದ ಚಿತ್ರ ಬರೆದಿಟ್ಟುಕೊಂಡಿದ್ದೆ. ಬೆರಳಿಗೆ ಹಿಡಿತ ಸಿಗಲಿ ಅಂತ. ಆಮೇಲೆ ನಾಲ್ಕು ದಿನ ಒಬ್ಬ ಅಜ್ಜಿಯ ಅಡುಗೆಮನೆಯಲ್ಲಿ ಕೂತೆ. ಅವರು ಡಬ್ಬಿ ತೆಗೆಯುವ ರೀತಿಯೇ ಬೇರೆ. ಡಬ್ಬಿಯನ್ನು ಹೊಟ್ಟೆಗೆ ಒತ್ತಿ ಹಿಡಿದರು. ಸೆರಗಿನ ತುದಿಯನ್ನು ಮುಚ್ಚಳದ ಮೇಲೆ ಹೊದಿಸಿದರು. ಇಡೀ ಅಂಗೈಯನ್ನು ಅದರ ಮೇಲೆ ಊರಿದರು. ಆಮೇಲೆ ತಿರುಗಿದ್ದು ಬೆರಳಲ್ಲ, ಮೊಣಕೈ. ನಾನು ಅಷ್ಟು ಕಷ್ಟಪಟ್ಟು ಗೀರು ಹಾಕಿದ್ದ ಅಂಚನ್ನು ಅವರು ಮುಟ್ಟಲೇ ಇಲ್ಲ.

ವಾಪಸ್ ಬಂದು ಹಿಡಿತವನ್ನು ಅಂಚಿನಿಂದ ಮುಚ್ಚಳದ ನೆತ್ತಿಗೆ ತಂದೆ. ಅಂಗೈ ಕೂರುವ ಹಾಗೆ ಮೂರು ಅಗಲವಾದ ತಗ್ಗು ಮಾಡಿದೆ. ಎರಡು ಸುತ್ತು ತಿರುಗಿಸಬೇಕಿದ್ದ ತಿರುಪನ್ನು ಕಾಲು ಸುತ್ತಿಗೆ ಇಳಿಸಿದೆ. ಹೊಸ ಮುಚ್ಚಳವನ್ನು ಅಜ್ಜಿ ಸೆರಗು ಇಲ್ಲದೆಯೇ ತೆಗೆದರು.

ನಿಮ್ಮ ಪ್ರಶ್ನೆಗೆ ಇನ್ನೂ ಹತ್ತಿರದ ಕತೆ ಅಮೆರಿಕದ್ದು. ಸ್ಯಾಮ್ ಫಾರ್ಬರ್ ಅಡುಗೆ ಸಾಮಾನಿನ ವ್ಯಾಪಾರ ಮಾಡಿ ನಿವೃತ್ತರಾಗಿದ್ದರು. ಅವರ ಹೆಂಡತಿ ಬೆಟ್ಸಿಗೆ ನಿಮ್ಮಮ್ಮನ ಹಾಗೆ ಬೆರಳಿನ ಸಂಧಿವಾತ. ಸೇಬಿನ ಸಿಪ್ಪೆ ತೆಗೆಯುವಾಗ ಲೋಹದ ತೆಳು ಪೀಲರ್ ಅವರ ಕೈಯನ್ನು ನೋಯಿಸುತ್ತಿತ್ತು. ಇಬ್ಬರೂ ಸೇರಿ ಸ್ಮಾರ್ಟ್ ಡಿಸೈನ್ ಅನ್ನುವ ನ್ಯೂಯಾರ್ಕಿನ ಸಂಸ್ಥೆಯ ಬಳಿ ಹೋದರು. 1990ರಲ್ಲಿ ಆಕ್ಸೋ ಗುಡ್ ಗ್ರಿಪ್ಸ್ ಹೆಸರಿನಲ್ಲಿ ದಪ್ಪ, ಮೆತ್ತನೆಯ ರಬ್ಬರಿನಂಥ ಹಿಡಿ ಇರುವ ಸಾಮಾನುಗಳು ಹೊರಬಂದವು. ಹೆಬ್ಬೆರಳು ಕೂರುವ ಕಡೆ ಬಾಗುವ ಸಣ್ಣ ಎಸಳುಗಳು. ಅವುಗಳ ಹೊಳಹು ಸಿಕ್ಕಿದ್ದು ಸೈಕಲ್ ಹ್ಯಾಂಡಲ್ಲಿನ ಗ್ರಿಪ್ಪಿನಿಂದ. ನನಗೆ ಇಷ್ಟವಾಗುವುದು ಏನಂದ್ರೆ, ಅದನ್ನು "ರೋಗಿಗಳ ಪೀಲರ್" ಅಂತ ಮಾರಲಿಲ್ಲ. ನೋವಿರುವ ಕೈಗೆ ಹಿತವಾದದ್ದು ಎಲ್ಲರ ಕೈಗೂ ಹಿತವಾಯಿತು.

ಅಂಥ ದಪ್ಪ ಹಿಡಿಯ ಪೀಲರ್ ಈಗ ನಮ್ಮಲ್ಲೂ ಸಿಗುತ್ತದೆ. ಆದರೆ ಅದಕ್ಕೂ ಮುಂಚೆ ಮನೆಯಲ್ಲೇ ಒಂದು ಪ್ರಯತ್ನ ಮಾಡಿ. ಸೈಕಲ್ ಅಂಗಡಿಯಿಂದ ಹಳೇ ಟ್ಯೂಬ್ ತನ್ನಿ. ಚೆನ್ನಾಗಿ ತೊಳೆದು, ಉದ್ದಕ್ಕೆ ಪಟ್ಟಿ ಕತ್ತರಿಸಿ, ಈಗಿರುವ ಪೀಲರ್ ಹಿಡಿಗೆ ಬಿಗಿಯಾಗಿ ಸುತ್ತಿ. ಅಡ್ಡಳತೆ ಸುಮಾರು 3ರಿಂದ 3.5 ಸೆಂಟಿಮೀಟರ್ ಬರಲಿ. ಹಿಡಿ ದಪ್ಪ ಆದಷ್ಟೂ ಬೆರಳು ಮಡಚುವುದು ಕಡಿಮೆ, ಗಂಟಿಗೆ ನೋವೂ ಕಡಿಮೆ. ಗಾಜಿನ ಬಾಟಲಿ ಆದರೆ ತಿರುಗಿಸುವ ಮೊದಲು ಮುಚ್ಚಳದ ಅಂಚಿಗೆ ಚಮಚದ ಹಿಡಿ ತೂರಿಸಿ ಸ್ವಲ್ಪ ಮೀಟಿ. "ಟಪ್" ಅಂತ ಸದ್ದಾದರೆ ಒಳಗೆ ಗಾಳಿ ಹೋಯ್ತು ಅಂತ ಅರ್ಥ. ಆಮೇಲೆ ಸಲೀಸು.

ಇನ್ನೊಂದು. ಅಮ್ಮನ ಮಂಡಿ ಚೆನ್ನಾಗಿದ್ದರೆ ಈಳಿಗೆ ಮಣೆಯನ್ನು ಅಟ್ಟದ ಮೇಲಿಂದ ಇಳಿಸಿ. ಅಲಗನ್ನು ಮಣೆ ಹಿಡಿದುಕೊಂಡಿರುತ್ತದೆ, ಮಣೆಯನ್ನು ಮೈಭಾರ ಹಿಡಿದಿರುತ್ತದೆ. ಕೈಗೆ ಉಳಿಯುವುದು ತರಕಾರಿ ಹಿಡಿಯುವ ಕೆಲಸ ಮಾತ್ರ. ಬೆರಳಿಗೆ ಇಷ್ಟು ವಿಶ್ರಾಂತಿ ಕೊಡುವ ಚಾಕುವನ್ನು ನಾನಿನ್ನೂ ನೋಡಿಲ್ಲ.

ನಮ್ಮ ಮಿಕ್ಸಿಗೆ 15 ವರ್ಷ. ಈಗ ಜಾರು ತಿರುಗುತ್ತಿಲ್ಲ. ರಿಪೇರಿಗೆ ಒಯ್ದರೆ "ಇದನ್ನ ಬಿಟ್ಟಾಕಿ, ಹೊಸದು ತಗೊಳ್ಳಿ" ಅಂದರು. ನನಗೆ ಮನಸ್ಸಿಲ್ಲ. ನಾನು ಸುಮ್ನೆ ಹಳೇದಕ್ಕೆ ಅಂಟಿಕೊಂಡಿದ್ದೀನಾ?
– ನಿವೃತ್ತ ಶಿಕ್ಷಕಿ, ಮೈಸೂರು

ಇಲ್ಲ ಮೇಡಂ, ನಿಮ್ಮ ಮನಸ್ಸು ಸರಿಯಾಗಿಯೇ ಹೇಳುತ್ತಿದೆ. ನಮ್ಮಪ್ಪ ರಾಣೆಬೆನ್ನೂರಿನಲ್ಲಿ ಮೋಟಾರ್ ರಿವೈಂಡಿಂಗ್ ಅಂಗಡಿ ಇಟ್ಟಿದ್ದರು. ಪಂಪ್‌ಸೆಟ್ಟು ಜಾಸ್ತಿ, ನಡುನಡುವೆ ಮಿಕ್ಸಿ. ತಾಮ್ರದ ತಂತಿಗೆ ಹಚ್ಚುವ ವಾರ್ನಿಷ್ ವಾಸನೆಯಲ್ಲೇ ನಾನು ಹೋಂವರ್ಕ್ ಮಾಡಿದವಳು. ಅದಕ್ಕೆ ಈ ಪ್ರಶ್ನೆಗೆ ಸ್ವಲ್ಪ ಉದ್ದ ಬರೆಯುತ್ತೇನೆ.

ಮೊದಲು ಮಿಕ್ಸಿಯನ್ನು ತಲೆಕೆಳಗು ಮಾಡಿ ನೋಡಿ. ತಳದಲ್ಲಿ ಸಣ್ಣ ಕೆಂಪು ಗುಂಡಿ ಇರಬಹುದು. ಹೊರೆ ಜಾಸ್ತಿ ಆದಾಗ ಅದು ಹಾರಿ ಕರೆಂಟು ಕಡಿಯುತ್ತದೆ. ಹತ್ತು ನಿಮಿಷ ಬಿಟ್ಟು ಒತ್ತಿದರೆ ಮತ್ತೆ ಶುರು. ಅಷ್ಟಕ್ಕೇ "ಸತ್ತುಹೋಯ್ತು" ಅಂತ ಗುಜರಿಗೆ ಹಾಕಿದ ಮಿಕ್ಸಿಗಳನ್ನು ಅಪ್ಪ ಬದುಕಿಸಿದ್ದಾರೆ.

ಗುಂಡಿ ಸರಿ ಇದ್ದರೆ ಜಾರು ಇಡದೆ ಒಂದು ಕ್ಷಣ ಚಾಲೂ ಮಾಡಿ. ಮೋಟಾರ್ ತಿರುಗುತ್ತಿದೆ, ಜಾರಿಟ್ಟರೆ ಬ್ಲೇಡು ತಿರುಗಲ್ಲ ಅಂದ್ರೆ ಹೋಗಿರುವುದು ಕಪ್ಲರ್. ಜಾರಿಗೂ ಮೋಟಾರಿಗೂ ನಡುವೆ ಹಲ್ಲುಹಲ್ಲಾಗಿರುವ ಪ್ಲಾಸ್ಟಿಕ್ ಅಥವಾ ರಬ್ಬರಿನ ಬಿಲ್ಲೆ. ಅದನ್ನು ಬೇಕಂತಲೇ ಮೆತ್ತಗೆ ಮಾಡಿರುತ್ತಾರೆ. ಜಾರಿನಲ್ಲಿ ಏನಾದರೂ ಸಿಕ್ಕಿಕೊಂಡರೆ ಮೋಟಾರ್ ಸುಡುವ ಬದಲು ಆ ಬಿಲ್ಲೆಯ ಹಲ್ಲು ಸವೆಯಲಿ ಅಂತ. ಅದು ಮುರಿದರೆ ಮಿಕ್ಸಿ ಕೆಟ್ಟಿತು ಅಂತಲ್ಲ, ಬಿಲ್ಲೆ ತನ್ನ ಕೆಲಸ ಮಾಡಿತು ಅಂತ. ನಿಮ್ಮ ಮಿಕ್ಸಿಗೆ ಆಗಿರುವುದೂ ಇದೇ ಇರಬೇಕು ಅಂತ ನನ್ನ ಅಂದಾಜು.

ಮೋಟಾರಿನಿಂದ ಕಿಡಿ, ನಿಂತು ನಿಂತು ಓಡುವುದು ಇದ್ದರೆ ಕಾರ್ಬನ್ ಬ್ರಷ್ ಸವೆದಿರುತ್ತದೆ. ಪೆನ್ಸಿಲ್ ತುಂಡಿನಂಥ ಎರಡು ಕರಿ ಕಡ್ಡಿ, ಅಗ್ಗದ ಸಾಮಾನು. ಜಾರಿನ ತಳದಿಂದ ನೀರು ಸೋರಿದರೆ ಬುಷ್ ಮತ್ತು ವಾಷರ್. ಸುಟ್ಟ ವಾಸನೆ ಬಂದು, ಗುಂಯ್ ಅಂದು ಅಲ್ಲಾಡದೆ ನಿಂತರೆ ಮಾತ್ರ ವೈಂಡಿಂಗ್ ಹೋಗಿರಬಹುದು. ಅದನ್ನೂ ಸುತ್ತಿಸಬಹುದು. ಬೇರೆ ಅಂಗಡಿಗೆ ಹೋಗಿ, "ಕಪ್ಲರ್ ನೋಡಿ" ಅಂತ ಹೆಸರು ಹೇಳಿ ಕೇಳಿ. ಬಿಚ್ಚುವ ಮುಂಚೆ ಪ್ಲಗ್ ತೆಗೆದಿರಬೇಕು, ಇದನ್ನು ಮಕ್ಕಳಿಗೂ ಹೇಳಿ.

ನಮ್ಮ ಮಿಕ್ಸಿ ಹುಟ್ಟಿದ್ದೇ ಒಂದು ರಿಪೇರಿಯ ಸಿಟ್ಟಿನಿಂದ. 1960ರ ದಶಕದಲ್ಲಿ ಎಸ್.ಪಿ. ಮಾಥುರ್ ಅನ್ನುವ ಎಂಜಿನಿಯರ್ ಮನೆಯಲ್ಲಿ ಜರ್ಮನಿಯ ಬ್ರಾನ್ ಮಿಕ್ಸರ್ ಇತ್ತು. ಅದು ಅಲ್ಲಿನ ಅಡುಗೆಗೆ ಮಾಡಿದ ಯಂತ್ರ. ನಮ್ಮ ಮಸಾಲೆ ರುಬ್ಬಿ ರುಬ್ಬಿ ಮೋಟಾರ್ ಸೋತಿತು. ರಿಪೇರಿ ಮಾಡುವವರು ಸಿಗಲಿಲ್ಲ. ಹೆಂಡತಿ ಮಾಧುರಿಯವರ ಒತ್ತಾಯಕ್ಕೆ ಮಾಥುರ್ ತಾವೇ ಗಟ್ಟಿ ಮೋಟಾರಿನ ಒಂದು ಯಂತ್ರ ಮಾಡಿದರು. ಅದೇ ಸುಮೀತ್. ಒಣ ಕೊಬ್ಬರಿ, ನೆನೆಸಿದ ಉದ್ದು, ಸಾರಿನ ಪುಡಿಗೆ ಹುರಿದ ಧನಿಯ, ಇವೆಲ್ಲ ಏನು ಕೇಳುತ್ತವೆ ಅಂತ ಗೊತ್ತಿದ್ದ ಅಡುಗೆಮನೆಯಿಂದ ಬಂದ ಯಂತ್ರ.

ನನ್ನದೇ ಒಂದು ತಪ್ಪನ್ನೂ ಇಲ್ಲಿ ಹೇಳಬೇಕು. ತುಂಬಾ ವರ್ಷಗಳ ಹಿಂದೆ ಒಂದು ಕಂಪನಿಗೆ ಕೈಯಲ್ಲಿ ಹಿಡಿಯುವ ಬ್ಲೆಂಡರ್ ವಿನ್ಯಾಸ ಮಾಡಿದೆ. ಹೊರಕವಚದ ಎರಡು ಹೋಳುಗಳನ್ನು ಸ್ಕ್ರೂ ಇಲ್ಲದೆ, ಅಲ್ಟ್ರಾಸಾನಿಕ್ ವೆಲ್ಡಿಂಗ್‌ನಲ್ಲಿ ಬೆಸೆದಿದ್ದೆವು. ನಾಲ್ಕು ಸ್ಕ್ರೂ ಉಳಿತಾಯ, ನೋಡೋಕೂ ಚಂದ. ಮೊದಲ ಪೀಸನ್ನು ಅಪ್ಪನಿಗೆ ತೋರಿಸಿದೆ. ಅವರು ಕನ್ನಡಕ ಹಾಕಿಕೊಂಡು ಅದನ್ನು ಸುತ್ತಲೂ ತಿರುಗಿಸಿದರು. ಹೆಬ್ಬೆರಳಿನಿಂದ ಸಂದಿಯನ್ನು ಸವರಿದರು. ತಳದ ಸ್ಟಿಕ್ಕರಿನ ಕೆಳಗೆ ಸ್ಕ್ರೂ ಬಚ್ಚಿಟ್ಟಿದ್ದಾರಾ ಅಂತ ಉಗುರಿನಿಂದ ಒತ್ತಿ ನೋಡಿದರು. ಆಮೇಲೆ ಕೇಳಿದರು, "ಇದನ್ನ ಬಿಚ್ಚೋದು ಹ್ಯಾಂಗವ್ವ?" ನನ್ನ ಹತ್ತಿರ ಉತ್ತರ ಇರಲಿಲ್ಲ. ಸವೆಯುವುದು ಗ್ಯಾರಂಟಿ ಅಂತ ಗೊತ್ತಿದ್ದ ಎರಡು ಬ್ರಷ್ ಒಳಗಿದ್ದವು, ಅವನ್ನು ತಲುಪುವ ಬಾಗಿಲನ್ನೇ ನಾನು ಮುಚ್ಚಿಬಿಟ್ಟಿದ್ದೆ.

ಆಮೇಲಿಂದ ನಾನು ಬರೆಯುವ ಪ್ರತಿ ಡ್ರಾಯಿಂಗಿನ ಮೂಲೆಯಲ್ಲಿ ಒಂದು ಸಾಲು ಇರುತ್ತದೆ: ಮಾಮೂಲಿ ಸ್ಕ್ರೂಡ್ರೈವರ್ ಒಂದರಿಂದಲೇ ಬಿಚ್ಚಬೇಕು. ಫ್ರಾನ್ಸಿನಲ್ಲಿ 2021ರಲ್ಲಿ ಮೊಬೈಲ್, ವಾಷಿಂಗ್ ಮಷೀನ್‌ನಂಥ ಕೆಲವು ವಸ್ತುಗಳ ಮೇಲೆ ರಿಪೇರಿ ಎಷ್ಟು ಸುಲಭ ಅಂತ ಹತ್ತಕ್ಕೆ ಅಂಕ ಹಾಕಿ ತೋರಿಸಬೇಕು ಅನ್ನುವ ನಿಯಮ ಬಂತು. ನಮ್ಮ ಕೇಂದ್ರ ಸರ್ಕಾರವೂ 2022ರ ಡಿಸೆಂಬರಿನಲ್ಲಿ ರೈಟ್ ಟು ರಿಪೇರ್ (ರಿಪೇರಿ ಮಾಡಿಸುವ ಹಕ್ಕು) ಪೋರ್ಟಲ್ ಶುರು ಮಾಡಿತು. ನಮ್ಮಲ್ಲೂ ಅಂಥ ಅಂಕ ಬರುವ ತನಕ ಅಂಗಡಿಯಲ್ಲಿ ನೀವೇ ಕೇಳಿ: "ಇದರ ಕಪ್ಲರ್ ಬಿಡಿಯಾಗಿ ಸಿಗುತ್ತಾ? ಜಾರಿನ ವಾಷರ್?" ಸಿಗಲ್ಲ ಅಂದರೆ ಆ ಮಿಕ್ಸಿ ಬೇಡ.

ಪಿಯುಸಿ ವಿಜ್ಞಾನ ಓದುತ್ತಿದ್ದೇನೆ. ಪ್ರಾಡಕ್ಟ್ ಡಿಸೈನರ್ ಆಗಬೇಕು ಅಂತ ಆಸೆ. ನನಗೆ ಚಿತ್ರ ಅಷ್ಟು ಚೆನ್ನಾಗಿ ಬರಲ್ಲ. ಆಗುತ್ತಾ?
– ವಿದ್ಯಾರ್ಥಿನಿ, ಕಲಬುರಗಿ

ಖಂಡಿತ ಆಗುತ್ತೆ. ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯಾದ ಎನ್‌ಐಡಿಗೆ ಡ್ಯಾಟ್ ಪರೀಕ್ಷೆ. ಐಐಟಿಗಳ ವಿನ್ಯಾಸ ಪದವಿ ಬಿ.ಡೆಸ್‌ಗೆ ಯುಸೀಡ್, ಅದನ್ನು ಐಐಟಿ ಬಾಂಬೆ ನಡೆಸುತ್ತದೆ. ಎಂಜಿನಿಯರಿಂಗ್ ಮುಗಿಸಿ ಆಮೇಲೆ ಬರುತ್ತೇನೆ ಅಂದರೆ ಬೆಂಗಳೂರಿನ ಐಐಎಸ್‌ಸಿಯಲ್ಲಿ ಎಂ.ಡೆಸ್ ಇದೆ. ಚಿತ್ರ ಅಂದ್ರೆ ಇಲ್ಲಿ ರವಿವರ್ಮನ ಚಿತ್ರ ಅಲ್ಲ. ಒಂದು ನಲ್ಲಿ ಹೇಗೆ ಕೆಲಸ ಮಾಡುತ್ತದೆ ಅಂತ ಎದುರಿನವರಿಗೆ ಅರ್ಥವಾಗುವಂತೆ ಗೆರೆ ಎಳೆದರೆ ಸಾಕು. ಅದು ಅಭ್ಯಾಸದಿಂದ ಬರುತ್ತದೆ.

ನೋಡುವ ಕಣ್ಣು ಮಾತ್ರ ಈಗಿನಿಂದಲೇ ಬೆಳೆಸಿಕೋ. ನಿನಗೆ ಜೈಪುರ ಕಾಲಿನ ಬಗ್ಗೆ ಹೇಳುತ್ತೇನೆ. ಹೊರದೇಶದಿಂದ ಬರುತ್ತಿದ್ದ ಕೃತಕ ಪಾದಕ್ಕೆ ಬೂಟು ಹಾಕಲೇಬೇಕಿತ್ತು. ಅದನ್ನು ತೊಟ್ಟು ಚಕ್ಕಳಮಕ್ಕಳ ಹಾಕೋಕೆ, ಕುಕ್ಕರಗಾಲಲ್ಲಿ ಕೂರೋಕೆ, ಗದ್ದೆಯ ಕೆಸರಿಗೆ ಇಳಿಯೋಕೆ ಆಗುತ್ತಿರಲಿಲ್ಲ. ತುಂಬ ಜನ ಅದನ್ನು ಬಿಚ್ಚಿಟ್ಟು ಮತ್ತೆ ಊರುಗೋಲು ಹಿಡಿದರು. ಜೈಪುರದ ಕುಶಲಕರ್ಮಿ ರಾಮಚಂದ್ರ ಶರ್ಮ ಮತ್ತು ಡಾಕ್ಟರ್ ಪಿ.ಕೆ. ಸೇಠಿ 1960ರ ದಶಕದ ಕೊನೆಗೆ ರಬ್ಬರಿನಲ್ಲಿ ಒಂದು ಪಾದ ಮಾಡಿದರು. ಬರಿಗಾಲಲ್ಲೇ ನಡೆಯಬಹುದು, ಪಾದ ಎಲ್ಲ ಕಡೆಗೂ ಬಾಗುತ್ತದೆ. ಶರ್ಮ ಅವರದ್ದು ದೊಡ್ಡ ಓದಲ್ಲ. ತನ್ನ ಜನ ಹೇಗೆ ಕೂರುತ್ತಾರೆ, ಹೇಗೆ ನಡೆಯುತ್ತಾರೆ ಅನ್ನುವುದು ಅವರಿಗೆ ಗೊತ್ತಿತ್ತು.

ಒಂದು ಕೆಲಸ ಕೊಡುತ್ತೇನೆ. ನಿಮ್ಮನೆಯ ಒಂದೇ ಒಂದು ವಸ್ತು ಆರಿಸು, ಬಕೆಟ್ ಆದರೂ ಸರಿ. ಏಳು ದಿನ ಅದನ್ನು ಯಾರು ಎತ್ತುತ್ತಾರೆ, ಎಲ್ಲಿ ಹಿಡಿಯುತ್ತಾರೆ, ಎಲ್ಲಿ ನೀರು ಚೆಲ್ಲುತ್ತದೆ ಅಂತ ಬರೆದಿಡು. ನನಗೆ ಕಳಿಸು, ಓದುತ್ತೇನೆ.

ಅಡಿಕೆ ಹಾಳೆ ತಟ್ಟೆಯ ಘಟಕ ಹಾಕಬೇಕು ಅಂತಿದ್ದೇನೆ. ಸ್ನೇಹಿತರು "ಅದು ಹಳೇದಾಯ್ತು, ಕರಗುವ ಪ್ಲಾಸ್ಟಿಕ್ ಮಾಡು" ಅಂತಾರೆ. ಯಾವುದು ಒಳ್ಳೆಯದು?
– ಓದುಗರು, ಸಾಗರ

ಹಾಳೆ. ನನಗೆ ಇದರಲ್ಲಿ ಅನುಮಾನವೇ ಇಲ್ಲ.

"ಕರಗುವ ಪ್ಲಾಸ್ಟಿಕ್" ಅಂತ ಮಾರುವುದರಲ್ಲಿ ಬಹಳಷ್ಟು ಗಿಡಗಳ ಪಿಷ್ಟದಿಂದ ಮಾಡುವ ಪಿಎಲ್‌ಎ. ಅದು ಕರಗುವುದು ನಿಜ, ಆದರೆ ಎಲ್ಲಿ? ಸುಮಾರು 60 ಡಿಗ್ರಿ ಶಾಖ ಕಾಯ್ದುಕೊಳ್ಳುವ ಕಾಂಪೋಸ್ಟ್ ಘಟಕದಲ್ಲಿ. ನಿಮ್ಮ ತಿಪ್ಪೆಯಲ್ಲಿ, ಶರಾವತಿ ಹಿನ್ನೀರಿನ ದಂಡೆಯಲ್ಲಿ ಅದು ವರ್ಷಗಟ್ಟಲೆ ಹಾಗೇ ಬಿದ್ದಿರುತ್ತದೆ. ಕೊಳ್ಳುವವರಿಗೆ ಇದನ್ನು ಯಾರೂ ಹೇಳಲ್ಲ. ಬಿದಿರಿನ ಹಲ್ಲುಜ್ಜುವ ಬ್ರಷ್‌ಗಳದ್ದೂ ಇದೇ ಕತೆ. ಹಿಡಿ ಬಿದಿರು, ಕೂದಲು ಸಾಮಾನ್ಯವಾಗಿ ನೈಲಾನ್.

ಹಾಳೆ ತಾನೇ ಉದುರಿದ್ದು. ಅದಕ್ಕಾಗಿ ಮರ ಕಡಿಯಬೇಕಿಲ್ಲ. ನೀರಲ್ಲಿ ನೆನೆಸಿ, ಬಿಸಿ ಅಚ್ಚಿನಲ್ಲಿ ಒತ್ತಿದರೆ ತಟ್ಟೆ. ಅಂಟು ಬೇಡ, ಮೇಣ ಬೇಡ. ನಿಮ್ಮ ಕಡೆಯವರು ಅದರಲ್ಲಿ ಟೋಪಿ ಮಾಡಿದ್ದಾರೆ, ಕರಾವಳಿಯಲ್ಲಿ ಎಳೆಗೂಸನ್ನು ಹಾಳೆಯಲ್ಲಿ ಮಲಗಿಸಿ ಮೀಯಿಸಿದ್ದಾರೆ. ಅದರ ಗುಣ ಅವರಿಗೆ ಗೊತ್ತು.

ನಿಮಗೆ ತೊಂದರೆ ಕೊಡುವುದು ಬೂಸಲು. ಹಾಳೆ ನೆಲಕ್ಕೆ ಬಿದ್ದು ಎರಡು ದಿನ ಒದ್ದೆಯಾದರೆ ಕರಿ ಚುಕ್ಕೆ ಬರುತ್ತದೆ. ಬೇಸಿಗೆಯಲ್ಲೇ ಹೆಕ್ಕಿ, ಚೆನ್ನಾಗಿ ಒಣಗಿಸಿ, ಮಳೆಗಾಲಕ್ಕೆ ಬೇಕಾದಷ್ಟು ಕೂಡಿಡುವ ಬೆಚ್ಚನೆಯ ಕೋಣೆಗೆ ಮೊದಲು ದುಡ್ಡು ಹಾಕಿ. ಯಂತ್ರ ಆಮೇಲೆ. ಅಚ್ಚು ಮಾಡಿಸುವಾಗ ತಟ್ಟೆಯ ಅಂಚನ್ನು ಒಂದು ಬೆರಳಷ್ಟು ಎತ್ತರಿಸಿ. ಮದುವೆ ಮನೆಯಲ್ಲಿ ನಿಂತುಕೊಂಡು ಒಂದೇ ಕೈಯಲ್ಲಿ ತಟ್ಟೆ ಹಿಡಿದು ಸಾರನ್ನ ಉಣ್ಣುವವರನ್ನು ನೋಡಿದ್ದೀರಲ್ಲ, ಅವರಿಗೋಸ್ಕರ.

ಪರಿಸರಸ್ನೇಹಿ ಅಂತ ಬರೆದಿರೋ ಸಾಮಾನೆಲ್ಲ ದುಬಾರಿ. ಇದು ದುಡ್ಡಿದ್ದವರಿಗೆ ಮಾತ್ರನಾ?
– ಆಟೋ ಚಾಲಕರು, ಬೆಂಗಳೂರು

ನಿಮ್ಮ ಸಿಟ್ಟು ನ್ಯಾಯವಾದದ್ದು. ಆದರೆ ನಿಮ್ಮ ಮನೆಯಲ್ಲಿ ಆಗಲೇ ಇರುವುದನ್ನು ಒಮ್ಮೆ ಎಣಿಸಿ ನೋಡಿ. ನಮ್ಮಮ್ಮನ ಪ್ರೆಶರ್ ಕುಕ್ಕರ್ 1984ರದ್ದು. ಗ್ಯಾಸ್ಕೆಟ್ ಎಷ್ಟು ಸಲ ಬದಲಾಗಿದೆಯೋ ಲೆಕ್ಕ ಇಲ್ಲ, ಹಿಡಿ ಎರಡು ಸಲ, ಸೇಫ್ಟಿ ವಾಲ್ವ್ ಮೂರು ಸಲ. ಪಾತ್ರೆ ಅದೇ. ಯಾವ ಊರಿನ ಪಾತ್ರೆ ಅಂಗಡಿಗೆ ಹೋದರೂ ಬಿಡಿಭಾಗ ಸಿಗುತ್ತದೆ. ಅದರ ಮೇಲೆ "ಪರಿಸರಸ್ನೇಹಿ" ಅಂತ ಎಲ್ಲೂ ಬರೆದಿಲ್ಲ.

1958ರಲ್ಲಿ ಚಾರ್ಲ್ಸ್ ಮತ್ತು ರೇ ಈಮ್ಸ್ ದಂಪತಿ ಅಮೆರಿಕದಿಂದ ಬಂದು ನಮ್ಮ ಸರ್ಕಾರಕ್ಕೆ ವಿನ್ಯಾಸದ ಬಗ್ಗೆ ವರದಿ ಕೊಟ್ಟರು. ಅದರಿಂದಲೇ 1961ರಲ್ಲಿ ನಾನು ಓದಿದ ಎನ್‌ಐಡಿ ಹುಟ್ಟಿತು. ದೇಶ ಸುತ್ತಿ ಅವರು ಮನಸಾರೆ ಮೆಚ್ಚಿದ ವಸ್ತು ಚೊಂಬು. ಸೊಂಟದ ಮೇಲೆ ಹೇಗೆ ಕೂರುತ್ತದೆ, ತುಂಬಿದಾಗ ಖಾಲಿಯಾದಾಗ ತೂಕ ಹೇಗೆ ನಿಲ್ಲುತ್ತದೆ, ಹಳೆಯದಾದ ಮೇಲೆ ಲೋಹಕ್ಕೆ ಎಷ್ಟು ಬೆಲೆ ಬರುತ್ತದೆ, ಇಷ್ಟನ್ನೂ ಅವರು ಯೋಚಿಸಿದ್ದಾರೆ. ಈ ಕೊನೆಯದನ್ನು ನೋಡಿ. ಸ್ಟೀಲ್ ಪಾತ್ರೆ ಅಂಗಡಿಯವರು ಹಳೇದನ್ನು ತೂಕಕ್ಕೆ ತಗೊಂಡು ಹೊಸದರಲ್ಲಿ ಕಳೆಯುತ್ತಾರಲ್ಲ, ಅದು ನಮ್ಮ ಬಡ ಮನೆಗಳಿಗೂ ಗೊತ್ತಿರುವ ಪದ್ಧತಿ.

ಬಟ್ಟೆ ಚೀಲದ ವಿಷಯದಲ್ಲೂ ಹೀಗೇ. ಬ್ರಿಟನ್ನಿನ ಪರಿಸರ ಇಲಾಖೆ 2011ರಲ್ಲಿ ಲೆಕ್ಕ ಹಾಕಿತ್ತು. ಭೂಮಿ ಬಿಸಿ ಮಾಡುವ ಲೆಕ್ಕದಲ್ಲಿ ಹತ್ತಿ ಚೀಲ ಒಂದೇ ಸಲ ಬಳಸುವ ತೆಳು ಪ್ಲಾಸ್ಟಿಕ್ ಚೀಲಕ್ಕಿಂತ ಮೇಲಾಗಬೇಕಾದರೆ 131 ಸಲ ಬಳಸಬೇಕು. ಅಂದ್ರೆ ಸಮಾರಂಭಗಳಲ್ಲಿ ಕೊಡುವ ಹೊಸ ಚೀಲ ಕಪಾಟಿನಲ್ಲಿ ಕೂಡಿಟ್ಟರೆ ಉಪಯೋಗ ಇಲ್ಲ. ನಿಮ್ಮ ಆಟೋದ ಸೀಟಿನ ಕೆಳಗೆ ಇಟ್ಟಿರುವ ಹಳೇ ಚೀಲವೇ ಒಳ್ಳೆಯದು.

ಹಾಗಂತ ಎಲ್ಲದಕ್ಕೂ ಹಳೇದೇ ಸರಿ ಅಂತ ನಾನು ಹೇಳಲ್ಲ. ಫ್ಯಾನ್ ಬದಲಿಸುವ ಸಮಯ ಬಂದರೆ ಬಿಎಲ್‌ಡಿಸಿ ಫ್ಯಾನ್ ತಗೊಳ್ಳಿ. ಮಾಮೂಲಿ ಫ್ಯಾನ್ ಸುಮಾರು 75 ವ್ಯಾಟ್, ಇದು 30ರ ಆಸುಪಾಸು. ದಿನಕ್ಕೆ 10 ಗಂಟೆ ಓಡಿದರೆ ವರ್ಷಕ್ಕೆ ನೂರು ಯೂನಿಟ್ಟಿಗಿಂತ ಜಾಸ್ತಿ ಉಳಿಯುತ್ತದೆ. ಮೊದಲು ಸ್ವಲ್ಪ ಜಾಸ್ತಿ ಕೊಟ್ಟದ್ದು ಬಿಲ್ಲಿನಲ್ಲಿ ವಾಪಸ್ ಬರುತ್ತದೆ.

ನಾವು ಮಹಿಳಾ ಸಂಘದ 14 ಜನ. ರಾಗಿ ಕೊಯ್ಲಿಗೆ ಹೋದರೆ ಎರಡನೇ ದಿನಕ್ಕೆ ಅಂಗೈ ಬೊಬ್ಬೆ. ಗಂಡಸರಿಗೆ ಅದೇ ಕುಡ್ಲಲ್ಲಿ ಅಷ್ಟು ಆಗಲ್ಲ. ನಮ್ಮ ಕೈ ಮೆತ್ತಗಾ?
– ಶಿರಾ ತಾಲ್ಲೂಕಿನಿಂದ

ಕೈ ಮೆತ್ತಗಲ್ಲ ಅಕ್ಕ. ಹಿಡಿ ದಪ್ಪ. ದಾವಣಗೆರೆಯ ಅಮ್ಮನಿಗೆ ದಪ್ಪ ಹಿಡಿ ಬೇಕು ಅಂದೆ, ನಿಮಗೆ ಬೇರೆ. ಅವರದು ಹಿಡಿದುಕೊಳ್ಳುವ ಕೆಲಸ, ನಿಮ್ಮದು ಬೀಸಿ ಎಳೆಯುವ ಕೆಲಸ. ಬೆರಳು ಪೂರ್ತಿ ಸುತ್ತಿಕೊಳ್ಳದಿದ್ದರೆ ಹಿಡಿ ಅಂಗೈಯಲ್ಲಿ ಉಜ್ಜುತ್ತದೆ, ಬೊಬ್ಬೆ ಏಳುತ್ತದೆ. ನಮ್ಮ ದೇಶದ ಗಂಡಸರ, ಹೆಂಗಸರ ಮೈ ಅಳತೆಗಳನ್ನು ಸೇರಿಸಿ ದೇಬಕುಮಾರ್ ಚಕ್ರವರ್ತಿ ಅವರು 1997ರಲ್ಲಿ ಒಂದು ಪುಸ್ತಕವನ್ನೇ ಮಾಡಿದ್ದಾರೆ. ಅದು ನನ್ನ ಮೇಜಿನ ಮೇಲೆ ಸದಾ ಇರುತ್ತದೆ. ಹೆಂಗಸರ ಕೈ ಸರಾಸರಿಯಲ್ಲಿ ಚಿಕ್ಕದು, ಆದರೆ ಕುಡುಗೋಲಿಗೆ ಹಿಡಿ ಹಾಕುವಾಗ ಯಾರೂ ಕೇಳಲ್ಲ, ಕೊಯ್ಯುವುದು ಯಾರು ಅಂತ.

ಈಗಿರುವ ಕುಡ್ಲನ್ನು ಹಿಡಿದು ನೋಡಿ. ಹೆಬ್ಬೆರಳು ಸುತ್ತಿ ಬಂದು ನಡುಬೆರಳಿನ ಉಗುರನ್ನು ಮುಟ್ಟಬೇಕು. ಮುಟ್ಟದಿದ್ದರೆ ಹಿಡಿಯನ್ನು ಕೆತ್ತಿಸಿ ಸಣ್ಣ ಮಾಡಿಸಿ. ಹಿಡಿಯ ತುದಿ ಮಾತ್ರ ಗುಂಡಗೆ ಉಬ್ಬಿರಲಿ. ಬೆವರಿದ ಕೈ ಜಾರಿದಾಗ ಆ ಉಬ್ಬು ತಡೆಯುತ್ತದೆ, ನೀವು ಬಿಗಿ ಹಿಡಿಯಬೇಕಾಗಿಲ್ಲ.

ಇಷ್ಟು ಮಾಡಿದ ಮೇಲೆ ನನಗೊಂದು ಉಪಕಾರ ಮಾಡಿ. 14 ಜನರೂ ಬಲಗೈಯನ್ನು ಹಾಳೆಯ ಮೇಲೆ ಊರಿ, ಪೆನ್ಸಿಲ್ಲಿನಲ್ಲಿ ಸುತ್ತ ಗೆರೆ ಎಳೆಯಿರಿ. ಎಡಗೈಯಲ್ಲಿ ಕೊಯ್ಯುವವರಿದ್ದರೆ ಎಡಗೈ. ಬೊಬ್ಬೆ ಏಳುವ ಜಾಗಕ್ಕೆ ಬಣ್ಣ ಹಚ್ಚಿ. ಪತ್ರಿಕೆಯ ವಿಳಾಸಕ್ಕೆ ಕಳಿಸಿ. ನಾನು ಮೂರು ಬಗೆಯ ಹಿಡಿ ಮಾಡಿಕೊಂಡು ಕೊಯ್ಲಿಗೆ ಮುಂಚೆ ನಿಮ್ಮೂರಿಗೆ ಬರುತ್ತೇನೆ. ನಿಮ್ಮ ಕಮ್ಮಾರರನ್ನೂ ಕರೆದಿಟ್ಟಿರಿ, ಅಲಗಿನ ಬಾಗು ಎಷ್ಟಿರಬೇಕು ಅಂತ ನನಗಿಂತ ಅವರಿಗೆ ಚೆನ್ನಾಗಿ ಗೊತ್ತು.